ತೋಟದ ಗಾಡಿಗೆ ಆಕ್ಸಲ್: ಲೇತ್‌ನಿಂದ ಚಕ್ರದವರೆಗೆ

ಅಡಿಕೆ, ತೆಂಗು ಇರುವ ಮನೆಯಲ್ಲಿ ಹೊರುವ ಕೆಲಸ ಮುಗಿಯುವುದೇ ಇಲ್ಲ. ಗೊಬ್ಬರ ಕೆಳಗಿನ ತೋಟಕ್ಕೆ ಇಳಿಯಬೇಕು, ಅಡಿಕೆ ಮೇಲಿನ ಅಂಗಳಕ್ಕೆ ಬರಬೇಕು, ನಡುವೆ ತೆಂಗಿನಕಾಯಿ, ಸೋಗೆ, ಕಟ್ಟಿಗೆ. ಆಳು ಸಿಗುವುದು ಕಷ್ಟವಾದ ಮೇಲೆ ಮಂಗಳೂರು, ಉಡುಪಿ ಕಡೆ ಕೆಲವರು ತಾವೇ ಸಣ್ಣ ಗಾಡಿ ಕಟ್ಟಿಕೊಳ್ಳುತ್ತಾರೆ. ಫ್ರೇಮ್, ತೊಟ್ಟಿ, ಎಂಜಿನ್ ಕೂರಿಸುವ ಕೆಲಸವನ್ನು ಊರಿನ ವೆಲ್ಡಿಂಗ್ ಅಂಗಡಿಯವರು ಚೆನ್ನಾಗಿಯೇ ಮಾಡುತ್ತಾರೆ. ಎರಡು ಚಕ್ರಗಳನ್ನು ಹೊರುವ ಅಡ್ಡ ಕಂಬಿ, ಅಂದರೆ ಆಕ್ಸಲ್ ಮಾತ್ರ ಹೆಚ್ಚಾಗಿ "ಒಂದು ದಪ್ಪ ರಾಡ್ ಹಾಕಿ ಬಿಡುವ" ಎಂಬಲ್ಲಿಗೆ ನಿಲ್ಲುತ್ತದೆ.

ಆ ದಪ್ಪ ರಾಡೇ ಒಂದು ದಿನ ಲೋಡ್ ಇರುವಾಗ ತುಂಡಾಗುತ್ತದೆ. ತುಂಡಾದ ಜಾಗ ನೋಡಿದರೆ ಕಾರಣ ಗೊತ್ತಾಗುತ್ತದೆ. ಒಂದೋ ದಪ್ಪದಿಂದ ಸಪೂರಕ್ಕೆ ಚಕ್ಕನೆ ಇಳಿದ ಮೂಲೆ, ಇಲ್ಲವೇ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ವೆಲ್ಡ್ ಮಾಡಿದ ಅಂಚು, ಇಲ್ಲವೇ ಕೀವೇ (ಚಕ್ರ ಜಾರದಂತೆ ಹಾಕುವ ಕೀ ಎಂಬ ಲೋಹದ ತುಂಡು ಕೂರುವ ಉದ್ದ ಸೀಳು) ಮುಗಿಯುವ ಕೊನೆ. ನಡು ರಾಡ್ ಮುರಿಯುವುದು ಬಹಳ ಅಪರೂಪ. ಆದ್ದರಿಂದ ಈ ಬರಹದಲ್ಲಿ ದಪ್ಪದ ಲೆಕ್ಕಕ್ಕಿಂತ ಮೂಲೆಗಳ ಬಗ್ಗೆ ಜಾಸ್ತಿ ಹೇಳಿದ್ದೇನೆ.

ಯಾವ ಗಾಡಿ, ಎಲ್ಲಿ ಓಡುವುದು

ಇಲ್ಲಿನ ಅಳತೆಗಳೆಲ್ಲ ಒಂದು ನಿರ್ದಿಷ್ಟ ಗಾಡಿಗೆ. ನಾಲ್ಕು ಚಕ್ರ, ಲೋಡ್ ಸೇರಿ ಒಟ್ಟು 400 ಕೆಜಿ, ಅದರಲ್ಲಿ ಹಿಂದಿನ ಆಕ್ಸಲ್ ಮೇಲೆ 250 ಕೆಜಿ. ಆಟೋರಿಕ್ಷಾದ 4.00-8 ಟೈರು, ಅಂದರೆ ಹೊರವ್ಯಾಸ ಸುಮಾರು 41 ಸೆಂಮೀ. ಆರು-ಆರೂವರೆ ಎಚ್‌ಪಿಯ ಪೆಟ್ರೋಲ್ ಎಂಜಿನ್, ಎರಡು ಹಂತದಲ್ಲಿ ಒಟ್ಟು 15ಕ್ಕೆ 1ರ ರಿಡಕ್ಷನ್. ಎಂಜಿನ್ 3000 ಸುತ್ತು ತಿರುಗಿದರೆ ಆಕ್ಸಲ್ 200 ಸುತ್ತು, ಗಾಡಿ ಗಂಟೆಗೆ ಸುಮಾರು 15 ಕಿಮೀ. ತೋಟದೊಳಗೆ ಇದಕ್ಕಿಂತ ವೇಗ ಬೇಡ.

ಆಕ್ಸಲ್ ಚಕ್ರದ ಜೊತೆಗೇ ತಿರುಗುವಂಥದ್ದು, ಎರಡೂ ಚಕ್ರ ಅದಕ್ಕೆ ಕೀ ಹಾಕಿ ಕೂತಿರುತ್ತವೆ. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲದ ಕಾರಣ ತಿರುವಿನಲ್ಲಿ ಒಂದು ಚಕ್ರ ಸ್ವಲ್ಪ ಉಜ್ಜುತ್ತದೆ. ಕೆಸರು, ಮಣ್ಣಿನಲ್ಲಿ ಅದು ತೊಂದರೆಯಲ್ಲ, ಹಿಡಿತ ಒಳ್ಳೆಯದೇ ಸಿಗುತ್ತದೆ. ಕಾಂಕ್ರೀಟ್ ದಾರಿಯೇ ಜಾಸ್ತಿ ಇದ್ದರೆ ಒಂದು ಚಕ್ರವನ್ನು ಮಾತ್ರ ಕೀಗೆ ಕಟ್ಟಿ, ಇನ್ನೊಂದನ್ನು ಬೇರಿಂಗ್ ಮೇಲೆ ಬಿಡಬಹುದು.

ಕಾನೂನಿನ ಮಾತು ಒಂದಿದೆ. 1988ರ ಮೋಟಾರು ವಾಹನ ಕಾಯ್ದೆ ಕಾರ್ಖಾನೆ ಅಥವಾ ಆವರಣದ ಒಳಗೆ ಮಾತ್ರ ಬಳಸಲೆಂದು ಮಾಡಿದ ವಿಶೇಷ ಗಾಡಿಗಳನ್ನು ಮೋಟಾರು ವಾಹನದ ಲೆಕ್ಕದಿಂದ ಹೊರಗಿಟ್ಟಿದೆ. ನಿಮ್ಮ ಗಾಡಿ ಬೇಲಿಯೊಳಗೇ ಇರಲಿ. ಪಂಚಾಯತ್ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಹೋಗಬೇಕಾದರೂ ಅದು ಸಾರ್ವಜನಿಕ ರಸ್ತೆಯೇ.

ಎಷ್ಟು ದಪ್ಪ ಬೇಕು

ಒಂದು ಚಕ್ರದ ಮೇಲೆ 125 ಕೆಜಿ, ಅಂದರೆ ಸುಮಾರು 1226 ನ್ಯೂಟನ್. ಬೇರಿಂಗ್‌ನ ಮಧ್ಯದಿಂದ ಚಕ್ರದ ಮಧ್ಯಕ್ಕೆ 100 ಮಿಮೀ ದೂರ ಇಟ್ಟಿದ್ದೇವೆ ಎಂದುಕೊಳ್ಳಿ. ಆಗ ಬೇರಿಂಗ್ ಇರುವಲ್ಲಿ ಆಕ್ಸಲನ್ನು ಬಗ್ಗಿಸುವ ಬಲ ಸುಮಾರು 123 ನ್ಯೂಟನ್ ಮೀಟರ್. ಇದು ಗಾಡಿ ಸುಮ್ನೆ ನಿಂತಾಗ. ಮುರಕಲ್ಲಿನ ಮೇಲೆ ಹಾರಿ ಬಿದ್ದಾಗ, ತೋಡು ದಾಟುವಾಗ ಇದನ್ನು ಮೂರು ಪಟ್ಟು ಹಿಡಿಯುವುದು ಕ್ಷೇಮ. ಅಲ್ಲಿಗೆ 368.

30 ಮಿಮೀ ಆಕ್ಸಲ್‌ನಲ್ಲಿ 368 ನ್ಯೂಟನ್ ಮೀಟರ್ ಬಂದರೆ ಹೊರಮೈಯಲ್ಲಿ ಒತ್ತಡ ಚದರ ಮಿಮೀಗೆ ಸುಮಾರು 139 ನ್ಯೂಟನ್. ಅದೇ 25 ಮಿಮೀ ಆದರೆ 240. ನಾವು ಬಳಸುವ ಇಎನ್ 8 ದರ್ಜೆಯ ಉಕ್ಕು ಸುಮಾರು 280ಕ್ಕೆ ಶಾಶ್ವತವಾಗಿ ಬಗ್ಗಲು ಶುರು ಮಾಡುತ್ತದೆ. ಹಾಗಾಗಿ 25ರಲ್ಲಿ ಏನೂ ಉಳಿತಾಯ ಇಲ್ಲ, 30ರಲ್ಲಿ ಬೇಕಾದಷ್ಟು ಇದೆ. ಬಗ್ಗುವುದಕ್ಕೆ ತಡೆ ವ್ಯಾಸದ ಘನದ ಲೆಕ್ಕದಲ್ಲಿ ಏರುತ್ತದೆ, ತೂಕ ವರ್ಗದ ಲೆಕ್ಕದಲ್ಲಿ. 25ರಿಂದ 30ಕ್ಕೆ ಹೋದರೆ ತೂಕ 1.44 ಪಟ್ಟು, ಶಕ್ತಿ 1.73 ಪಟ್ಟು.

ತಿರುಚುವ ಬಲ ಇದರ ಮುಂದೆ ಸಣ್ಣದು. ಎಂಜಿನ್‌ನ 12 ನ್ಯೂಟನ್ ಮೀಟರ್ 15 ಪಟ್ಟಾಗಿ 180 ಆಗುತ್ತದೆ. 30 ಮಿಮೀಗೆ ಅದರ ಒತ್ತಡ 34 ಅಷ್ಟೇ. ಎಂಜಿನ್ ದೊಡ್ಡದು ಅಂತ ಹೆದರಿ ಆಕ್ಸಲ್ ದಪ್ಪ ಮಾಡುವವರು ಹೆದರಬೇಕಾದ್ದು ಚಕ್ರ ಎಷ್ಟು ಹೊರಗೆ ಚಾಚಿದೆ ಎಂಬುದಕ್ಕೆ. 100ರ ಬದಲು 150 ಮಿಮೀ ಚಾಚಿದರೆ 139 ಇದ್ದದ್ದು 208 ಆಗುತ್ತದೆ. ಇನ್ನು ತಿರುವಿನಲ್ಲಿ ನೆಲ ಟೈರಿನ ಬುಡವನ್ನು ಅಡ್ಡಕ್ಕೆ ತಳ್ಳುತ್ತದೆ. ಚಕ್ರದ ತೂಕದ ಅರ್ಧದಷ್ಟು ಅಡ್ಡ ಬಲ ಬಂದರೂ 20 ಸೆಂಮೀ ತ್ರಿಜ್ಯಕ್ಕೆ ಇನ್ನೊಂದು 123 ನ್ಯೂಟನ್ ಮೀಟರ್ ಸೇರಿತು. ಬೇರಿಂಗ್‌ಗಳನ್ನು ಫ್ರೇಮಿನ ಆದಷ್ಟು ಹೊರಗೆ, ಚಕ್ರದ ಹತ್ತಿರ ಇಡಿ. ಇದಕ್ಕೆ ಖರ್ಚಿಲ್ಲ, ಲಾಭ ಮಾತ್ರ ಎಲ್ಲದಕ್ಕಿಂತ ಜಾಸ್ತಿ.

ತಿರುಗುವ ಆಕ್ಸಲ್‌ನ ಕಷ್ಟ ಇನ್ನೊಂದು. ಮೇಲಿದ್ದ ಮೈ ಅರ್ಧ ಸುತ್ತಿಗೆ ಕೆಳಗೆ ಬರುತ್ತದೆ. ಎಳೆತ ಇದ್ದಲ್ಲಿ ಒತ್ತಡ, ಮತ್ತೆ ಎಳೆತ. ನಿಮಿಷಕ್ಕೆ 200 ಸಲ. ಹೀಗೆ ಲಕ್ಷಗಟ್ಟಲೆ ಸಲ ಬಗ್ಗಿದಾಗ ಉಕ್ಕು ತನ್ನ ಶಕ್ತಿಗಿಂತ ಎಷ್ಟೋ ಕಡಿಮೆ ಬಲಕ್ಕೆ ಬಿರುಕು ಬಿಡುತ್ತದೆ. ಆ ಬಿರುಕು ಹುಟ್ಟುವ ಜಾಗವೇ ಚೂಪು ಮೂಲೆ.

ಯಾವ ಉಕ್ಕು

ಇಎನ್ 8 ತೆಗೆದುಕೊಳ್ಳಿ. ಶೇಕಡಾ 0.4ರಷ್ಟು ಇಂಗಾಲ ಇರುವ ಉಕ್ಕು. ಲೇತ್‌ನಲ್ಲಿ (ಬಾರ್ ತಿರುಗಿಸುತ್ತಾ ಕಡೆಯುವ ಯಂತ್ರ) ಚೆನ್ನಾಗಿ ಕತ್ತರಿಸುತ್ತದೆ, ಸಾಮಾನ್ಯ ಮೈಲ್ಡ್ ಸ್ಟೀಲ್‌ಗಿಂತ ಗಟ್ಟಿ. ಇಎನ್ 19, ಇಎನ್ 24 ಇನ್ನೂ ಗಟ್ಟಿ, ಆದರೆ ಹದ ಮಾಡಿದ ಸರಕು ಸಿಗಬೇಕು, ದುಡ್ಡೂ ಜಾಸ್ತಿ. ಈ ಗಾಡಿಗೆ ಅಗತ್ಯ ಇಲ್ಲ. ಅಂಗಡಿಯಲ್ಲಿ ಬಾರ್‌ನ ತುದಿಗೆ ಹಚ್ಚಿದ ಬಣ್ಣವನ್ನೇ ನಂಬಬೇಡಿ. ಬಿಲ್‌ನಲ್ಲಿ ಗ್ರೇಡ್ ಬರೆಸಿ, ಇದ್ದರೆ ಟೆಸ್ಟ್ ಸರ್ಟಿಫಿಕೇಟ್ ಕೇಳಿ.

ಗುಜರಿಯ ಜೀಪ್ ಆಕ್ಸಲ್ ಶಾಫ್ಟ್ ಕಡಿಮೆಗೆ ಸಿಗುತ್ತದೆ ಎಂದು ಕೆಲವರು ತರುತ್ತಾರೆ. ನನಗೆ ಅದು ಇಷ್ಟ ಇಲ್ಲ. ಮೇಲ್ಮೈ ಗಟ್ಟಿ ಮಾಡಿದ್ದರೆ ಟೂಲ್ ಕಚ್ಚುವುದಿಲ್ಲ, ಮೊದಲೇ ಎಷ್ಟು ದಣಿದಿದೆ ಎಂಬುದೂ ಕಣ್ಣಿಗೆ ಕಾಣುವುದಿಲ್ಲ.

ಬೇಕಾದ್ದು 40 ಮಿಮೀ ವ್ಯಾಸದ ಕಪ್ಪು ಬಾರ್, 915 ಮಿಮೀ ಉದ್ದ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತದೆ. 40ಕ್ಕೆ 9.9 ಕೆಜಿ, ನಮ್ಮ ತುಂಡು ಸುಮಾರು 9 ಕೆಜಿ. ಅಂಗಡಿಯವರು ತೂಕಕ್ಕೇ ಕೊಡುವುದರಿಂದ ಈ ಲೆಕ್ಕ ಕೈಯಲ್ಲಿರಲಿ.

ಲೇತ್ ಕೆಲಸಕ್ಕೆ ಮಂಗಳೂರಿನಲ್ಲಿ ಬೈಕಂಪಾಡಿ, ಯೆಯ್ಯಾಡಿ, ಉಡುಪಿಯಲ್ಲಿ ಮಣಿಪಾಲದ ಇಂಡಸ್ಟ್ರಿಯಲ್ ಏರಿಯಾ ಇದೆ. ಉದ್ದ ಶಾಫ್ಟ್ ವಿಷಯದಲ್ಲಿ ಬೋಟಿನ ಕೆಲಸ ಮಾಡುವವರ ಕೈ ಬಹಳ ಪಳಗಿರುತ್ತದೆ. ಪ್ರೊಪೆಲ್ಲರ್ ಶಾಫ್ಟ್ ನೇರ ಮಾಡುವುದು, ಎರಡು ತುದಿಯ ಸೆಂಟರ್ ಒಂದೇ ಇಡುವುದು ಅವರಿಗೆ ದಿನದ ಕೆಲಸ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುವಾಗ ಬೋಟುಗಳೆಲ್ಲ ರಿಪೇರಿಗೆ ಬರುತ್ತವೆ. ಆ ಎರಡು ತಿಂಗಳು ನಿಮ್ಮ ಗಾಡಿಯ ಆಕ್ಸಲ್ ಮೂಲೆಯಲ್ಲೇ ಬಿದ್ದಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳಿ.

ಮೇಸ್ತ್ರಿ ಕೈಗೆ ಕೊಡುವ ಚೀಟಿ

ಬಾಯಿಮಾತಲ್ಲಿ ಹೇಳಬೇಡಿ. ಗ್ರಾಫ್ ಹಾಳೆಯಲ್ಲಿ ಚಿತ್ರ ಬರೆದು ಅಳತೆ ಹಾಕಿ. ಆದರೆ ಬೇರಿಂಗನ್ನು ಮೊದಲು ಕೊಂಡು, ಅಳೆದು, ಆಮೇಲೆ ಚೀಟಿ ಬರೆಯಿರಿ. ಇಲ್ಲಿ ಬೇರಿಂಗ್ ಯುಸಿಪಿ 206, ಒಳವ್ಯಾಸ 30 ಮಿಮೀ, ಎರಕದ ಪೀಠ ಸಮೇತ ಬರುವ ಪಿಲ್ಲೋ ಬ್ಲಾಕ್. ಎರಡು ಬೇರಿಂಗ್‌ಗಳ ಮಧ್ಯ 600 ಮಿಮೀ, ಎರಡು ಚಕ್ರಗಳ ಮಧ್ಯ 800 ಮಿಮೀ ಎಂದಿಟ್ಟುಕೊಂಡ ಲೆಕ್ಕ ಇದು, ಅಳತೆ ಎಲ್ಲ ಮಿಮೀಯಲ್ಲಿ:

ಒಟ್ಟು ಉದ್ದ 910.
ನಡುವಿನ ಭಾಗ 40, ಕಪ್ಪು ಬಾರ್ ಹಾಗೇ ಇರಲಿ.
ಅದರ ಎರಡೂ ಕಡೆ 60 ಉದ್ದಕ್ಕೆ 35 ವ್ಯಾಸ. ಬಲಕ್ಕೆ ಸ್ಪ್ರಾಕೆಟ್ ಹಬ್ (ಸ್ಪ್ರಾಕೆಟನ್ನು ಆಕ್ಸಲ್ ಮೇಲೆ ಹಿಡಿಯುವ ನಡು ತೂತಿನ ತುಂಡು), ಎಡಕ್ಕೆ ಬ್ರೇಕ್ ಡಿಸ್ಕ್ ಹಬ್.
35 ಮುಗಿದು 30 ಶುರುವಾಗುವ ಎರಡು ಸ್ಟೆಪ್‌ಗಳ ನಡುವೆ 557.7.
ಅಲ್ಲಿಂದ ಹೊರಗೆ 30 ವ್ಯಾಸ, ಬೇರಿಂಗ್ ಸೀಟ್, 29.987ರಿಂದ 30.000 ಒಳಗೆ.
ಮಧ್ಯದಿಂದ 375ರಲ್ಲಿ 25 ವ್ಯಾಸಕ್ಕೆ ಇಳಿತ, 49 ಉದ್ದ, ಚಕ್ರದ ಹಬ್ ಸೀಟ್.
ತುದಿಯಲ್ಲಿ ಎಂ 20, 1.5 ಪಿಚ್ ಥ್ರೆಡ್.
35ರಿಂದ 30ಕ್ಕೆ ಇಳಿಯುವ ಮೂಲೆಗೆ 1.5 ರೇಡಿಯಸ್ (ಅಂದರೆ ಉರುಟು ಇಳಿತ), 30ರಿಂದ 25ಕ್ಕೆ ಇಳಿಯುವಲ್ಲಿ 1 ರೇಡಿಯಸ್. ಚೂಪು ಮೂಲೆ ಎಲ್ಲಿಯೂ ಬೇಡ.

ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆಯಿರಿ. ಮೇಸ್ತ್ರಿಗಳು ಚೂಪು ಮೂಲೆ ಬಿಡುವುದು ಉದಾಸೀನದಿಂದಲ್ಲ. ನೋಡಲು ಅದು ಚಂದ, ಬೇರಿಂಗ್ ಮೈಗೆ ಮೈ ತಾಗಿ ಕೂರುತ್ತದೆ. ನೀವು ಕೇಳಿದರೆ ಟೂಲ್ ಮೂತಿಯನ್ನು ಉರುಟು ಮಾಡಿ ರೇಡಿಯಸ್ ಕೊಡುತ್ತಾರೆ.

557.7 ಎಲ್ಲಿಂದ ಬಂತು? ಈ ಬೇರಿಂಗ್‌ನ ಒಳ ರಿಂಗ್ ಮಧ್ಯದಿಂದ ಒಂದು ಕಡೆಗೆ 15.9, ಗ್ರಬ್ ಸ್ಕ್ರೂ (ರಿಂಗನ್ನು ಆಕ್ಸಲ್‌ಗೆ ಬಿಗಿಯುವ ತಲೆಯಿಲ್ಲದ ಸ್ಕ್ರೂ) ಇರುವ ಕಡೆಗೆ 22.2 ಮಿಮೀ ಚಾಚಿರುತ್ತದೆ. ಸ್ಕ್ರೂ ಹೊರಗೆ ಬರುವಂತೆ ಇಟ್ಟರೆ ಸ್ಪ್ಯಾನರ್ ಹಾಕಲು ಸುಲಭ. ಆಗ ಎರಡು ಒಳ ಮುಖಗಳ ನಡುವೆ 568.2. ಅದರಲ್ಲಿ 5 ಮಿಮೀಯ ಎರಡು ಸ್ಪೇಸರ್ ರಿಂಗ್ ಕಳೆಯಿರಿ, ಅರ್ಧ ಮಿಮೀ ಸಡಿಲ ಬಿಡಿ. ಸ್ಪೇಸರ್ ಯಾಕೆ ಅಂದರೆ, ಬೇರಿಂಗ್‌ನ ಒಳ ಅಂಚಿನ ಉರುಟು ಕೇವಲ 1 ಮಿಮೀ ಆಸುಪಾಸು. ನಮ್ಮ ಮೂಲೆಯ ರೇಡಿಯಸ್ 1.5. ನೇರ ಕೂರಿಸಿದರೆ ಬೇರಿಂಗ್ ಸ್ಟೆಪ್‌ಗೆ ತಾಗುವ ಮೊದಲೇ ರೇಡಿಯಸ್ ಮೇಲೆ ಹತ್ತಿ ವಾರೆ ನಿಲ್ಲುತ್ತದೆ. ಸ್ಪೇಸರ್‌ನ ಒಳ ಬಾಯಿಗೆ 1.7 ಮಿಮೀ ಚಾಂಫರ್ (ಓರೆ ಅಂಚು) ಹೊಡೆದರೆ ಅದು ರೇಡಿಯಸ್ ದಾಟಿ ಸ್ಟೆಪ್‌ಗೆ ಚಪ್ಪಟೆಯಾಗಿ ಕೂರುತ್ತದೆ. ಚಕ್ರದ ಹಬ್‌ನ ಬಾಯಿಗೂ ಹೀಗೇ 1.2 ಮಿಮೀ ಚಾಂಫರ್ ಬೇಕು.

ಸ್ಟೆಪ್ ಇದ್ದರೆ ಇನ್ನೊಂದು ನೆಮ್ಮದಿ. ಆಕ್ಸಲ್ ಬಲಕ್ಕೆ ಸರಿಯಲು ನೋಡಿದರೆ ಬಲದ ಬೇರಿಂಗ್ ತಡೆಯುತ್ತದೆ, ಎಡಕ್ಕಾದರೆ ಎಡದ್ದು. ಗ್ರಬ್ ಸ್ಕ್ರೂ ಮೇಲೆ ಅಡ್ಡ ಬಲ ಬೀಳುವುದಿಲ್ಲ.

ಲೇತ್ ಮೇಲೆ

ಬಾರ್ ಎರಡೂ ತುದಿ ಫೇಸ್ ಮಾಡಿ (ಚಪ್ಪಟೆ ಕಡೆದು) 910ಕ್ಕೆ ತನ್ನಿ, ಸೆಂಟರ್ ಡ್ರಿಲ್ ಹಾಕಿ. ಈ ಎರಡು ಸೆಂಟರ್ ತೂತುಗಳೇ ಮುಂದಿನ ಎಲ್ಲ ಕೆಲಸಕ್ಕೆ ಆಧಾರ. ಬಾರನ್ನು ಎರಡು ಸೆಂಟರ್‌ಗಳ ನಡುವೆ ಹಿಡಿದು, ಡಾಗ್ (ಬಾರ್‌ಗೆ ಬಿಗಿದು ಅದನ್ನು ತಿರುಗಿಸುವ ಹಿಡಿಕೆ) ಕಟ್ಟಿ ತಿರುಗಿಸಬೇಕು. ಮೂರು ದವಡೆಯ ಚಕ್‌ನಲ್ಲಿ ಹಿಡಿದು ಒಂದು ಕಡೆ ಮುಗಿಸಿ, ತಿರುಗಿಸಿ ಹಿಡಿದು ಇನ್ನೊಂದು ಕಡೆ ಮಾಡಿದರೆ ಎರಡು ತುದಿಗಳ ಸೆಂಟರ್ ಒಂದಾಗುವ ಭರವಸೆ ಇಲ್ಲ. ಚಕ್ ಹಳೆಯದಾದಷ್ಟೂ ಔಟ್ (ತಿರುಗುವಾಗಿನ ಓಲಾಟ) ಜಾಸ್ತಿ. ಸೆಂಟರ್ ಮೇಲೆ ಹಿಡಿದರೆ ಎಷ್ಟು ಸಲ ತೆಗೆದು ಹಾಕಿದರೂ ಅದೇ ಗೆರೆಗೆ ಬರುತ್ತದೆ. ಮೇಸ್ತ್ರಿ ಇದಕ್ಕೆ ಒಪ್ಪದಿದ್ದರೆ ಬೇರೆ ಲೇತ್ ನೋಡಿ.

ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಆದರೆ ನಿಮಿಷಕ್ಕೆ 25 ಮೀಟರ್ ಕಟಿಂಗ್ ಸ್ಪೀಡ್. 40 ವ್ಯಾಸಕ್ಕೆ ಸುಮಾರು 200 ಆರ್‌ಪಿಎಂ. ಕಾರ್ಬೈಡ್ ಟಿಪ್ ಆದರೆ ಮೂರು ಪಟ್ಟು ಏರಿಸಬಹುದು. ರಫ್ ಕಟ್ ಒಂದೊಂದು 1ರಿಂದ 1.5 ಮಿಮೀ ಆಳ, ಫೀಡ್ (ಬಾರ್ ಒಂದು ಸುತ್ತು ತಿರುಗಿದಾಗ ಟೂಲ್ ಮುಂದೆ ಸರಿಯುವಷ್ಟು) 0.2 ಮಿಮೀ. ಬಾರ್ ಉದ್ದ ಇರುವುದರಿಂದ ನಡುವೆ ಅದುರಬಹುದು. ಹಾಗಾದರೆ ನಡುವೆ ಆಧಾರ ಕೊಡುವ ಸ್ಟೆಡಿ ರೆಸ್ಟ್ ಹಾಕಬೇಕು, ಆದರೆ ಅದರ ಬೆರಳು ಕಪ್ಪು ಮೈ ಮೇಲೆ ಕೂರಬಾರದು. ಅಲ್ಲಿ ಮೊದಲು ತೆಳ್ಳಗೆ ಒಂದು ಕಟ್ ಎಳೆದು ಉರುಟು ಮಾಡಿಕೊಳ್ಳಬೇಕು.

ಒಂದು ಕಡೆ ಪೂರ್ತಿ ಫಿನಿಷ್ ಮಾಡಿ ಇನ್ನೊಂದು ಕಡೆಗೆ ಹೋಗಬೇಡಿ. ಮೊದಲು ಎರಡೂ ಕಡೆ ರಫ್. ಎಲ್ಲ ವ್ಯಾಸದಲ್ಲೂ 1 ಮಿಮೀ ಉಳಿಸಿ. ಆಮೇಲೆ ಬಾರ್ ತಣಿಯಲಿ, ಚಹಾ ಕುಡಿದು ಬನ್ನಿ. ಲೋಹ ತೆಗೆದಾಗ ಒಳಗಿನ ಬಿಗಿತ ಬಿಟ್ಟು ಬಾರ್ ಸ್ವಲ್ಪ ಬಾಗುವುದುಂಟು. ಬಾಗುವುದಾದರೆ ಈಗಲೇ ಬಾಗಲಿ, ಫಿನಿಷ್ ಕಟ್ ಅದನ್ನು ಸರಿ ಮಾಡುತ್ತದೆ.

ತಣಿಯಲಿ ಎಂದದ್ದಕ್ಕೆ ಇನ್ನೂ ಗಟ್ಟಿಯಾದ ಕಾರಣ ಇದೆ. ಬಾರ್ 40 ಡಿಗ್ರಿ ಬಿಸಿ ಏರಿದರೆ 30 ಮಿಮೀ ವ್ಯಾಸ ಸುಮಾರು 14 ಮೈಕ್ರಾನ್ ಹಿಗ್ಗುತ್ತದೆ. ಬೇರಿಂಗ್ ಸೀಟ್‌ಗೆ ನಾವು ಕೊಟ್ಟ ಒಟ್ಟು ಅವಕಾಶವೇ 13 ಮೈಕ್ರಾನ್. ಬಿಸಿ ಇರುವಾಗ ಮೈಕ್ರೋಮೀಟರ್ ಹಾಕಿ "30 ಬಂತು, ಆಯ್ತು" ಅಂದರೆ ತಣಿದ ಮೇಲೆ ಅಳತೆ ಕೆಳಗಿಳಿದು ಅಂಚಿಗೆ ಬಂದಿರುತ್ತದೆ, ಕೆಲವೊಮ್ಮೆ ಅದನ್ನೂ ದಾಟಿರುತ್ತದೆ. ಉದ್ದವೂ ಹಿಗ್ಗುತ್ತದೆ. 30 ಡಿಗ್ರಿಗೆ 910 ಮಿಮೀ ಬಾರ್ 0.3 ಮಿಮೀ ಉದ್ದವಾಗುತ್ತದೆ. ಟೈಲ್‌ಸ್ಟಾಕ್ (ಬಾರ್‌ನ ಬಲ ತುದಿಯ ಸೆಂಟರ್ ಇರುವ ಭಾಗ) ಬಿಗಿದೇ ಇದ್ದರೆ ಆ ಉದ್ದಕ್ಕೆ ಜಾಗ ಇಲ್ಲದೆ ಬಾರ್ ಬಿಲ್ಲಾಗುತ್ತದೆ. ಅನುಭವಿ ಟರ್ನರ್ ರಫ್ ಕಟ್ ನಡುವೆ ಟೈಲ್‌ಸ್ಟಾಕ್ ಒಮ್ಮೆ ಸಡಿಲಿಸಿ, ಸೆಂಟರ್‌ಗೆ ಗ್ರೀಸ್ ಹಚ್ಚಿ, ಮತ್ತೆ ಹಗುರಕ್ಕೆ ಕೂರಿಸುವುದನ್ನು ನೀವೇ ನೋಡಬಹುದು.

ಫಿನಿಷ್‌ಗೆ ಮುಂಚೆ ಟೇಪರ್ ಪರೀಕ್ಷೆ, ಅಂದರೆ ಒಂದು ಕೊನೆ ದಪ್ಪ, ಇನ್ನೊಂದು ಸಪೂರ ಆಗಿದೆಯೇ ಎಂದು ನೋಡುವುದು. ಬೇರಿಂಗ್ ಸೀಟ್‌ನ ಎರಡು ಕೊನೆಯಲ್ಲಿ ಒಂದೇ ಕಟ್‌ನಲ್ಲಿ ಬಂದ ವ್ಯಾಸ ಅಳೆಯಿರಿ. ಟೈಲ್‌ಸ್ಟಾಕ್ ಕಡೆ ದಪ್ಪ ಇದ್ದರೆ ಟೈಲ್‌ಸ್ಟಾಕ್ ಟರ್ನರ್‌ನಿಂದ ದೂರ ಸರಿದಿದೆ ಎಂದರ್ಥ. ಆಪರೇಟರ್ ಕಡೆಗೆ ತರಬೇಕು. ವ್ಯಾಸದ ವ್ಯತ್ಯಾಸದ ಅರ್ಧ ಸರಿಸಿದರೆ ಸಾಕು ಎಂಬುದು ಇಡೀ ಬಾರ್ ಉದ್ದಕ್ಕೆ ಅಳೆದಾಗಿನ ಲೆಕ್ಕ. ಸೀಟ್ ಮಾತ್ರ ಅಳೆದರೆ ಅದನ್ನು ಉದ್ದಕ್ಕೆ ತಕ್ಕ ಹಾಗೆ ಹೆಚ್ಚಿಸಿಕೊಳ್ಳಬೇಕು.

ಫಿನಿಷ್ ಕಟ್ 0.2 ಮಿಮೀ ಆಳ, ಫೀಡ್ 0.08ರಿಂದ 0.1. ಕೊನೆಯ ಒಂದೆರಡು ಮೈಕ್ರಾನ್‌ಗೆ ಎಮರಿ ಪೇಪರ್. ಅಳೆಯಲು ಮೈಕ್ರೋಮೀಟರೇ ಬೇಕು. ವರ್ನಿಯರ್ 0.02 ಮಿಮೀಗಿಂತ ಸಣ್ಣದನ್ನು ತೋರಿಸದು, ನಮಗೆ ಬೇಕಾದ ಅವಕಾಶ 0.013. ರೇಡಿಯಸ್ ಜಾಗವನ್ನೂ ಎಮರಿಯಿಂದ ಹೊಳಪು ಮಾಡಿಸಿ. ಟೂಲ್ ಬಿಟ್ಟ ಗೆರೆ ಮೂಲೆಯಲ್ಲಿ ಉಳಿದರೆ ಅದೂ ಒಂದು ಸಣ್ಣ ಚೂಪು ಮೂಲೆಯೇ. ಥ್ರೆಡ್ ಶುರುವಾಗುವಲ್ಲಿ ಹಾಕುವ ಅಂಡರ್‌ಕಟ್‌ನ (ಸುತ್ತ ಕಡೆದ ಸಣ್ಣ ತಗ್ಗು) ತಳವೂ ಉರುಟಾಗಿರಲಿ.

ಲೇತ್ ಹತ್ತಿರ ನೀವೇ ಕೆಲಸ ಮಾಡುವುದಾದರೆ ಕೈಗೆ ಗ್ಲೌಸ್ ಬೇಡ, ಲುಂಗಿ ಬೇಡ, ತೋಳು ಮೇಲೆ ಮಡಚಿ. ಎಮರಿ ಪಟ್ಟಿಯನ್ನು ಬೆರಳಿಗೆ ಸುತ್ತಿ ಹಿಡಿಯಲೇಬೇಡಿ.

ಬೇರಿಂಗ್ ಸೀಟ್ ಸಪೂರ ಆಗಿ ಹೋದರೆ "ಪಂಚ್ ಹೊಡೆದು ಟೈಟ್ ಮಾಡಿ ಕೊಡ್ತೇನೆ" ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಪಂಚ್‌ನ ಏಳು-ಬೀಳು ಮೇಲೆ ಕೂತ ರಿಂಗ್ ನಾಲ್ಕು ದಿನದಲ್ಲಿ ಅವನ್ನು ಚಪ್ಪಟೆ ಮಾಡಿ ಮತ್ತೆ ಸಡಿಲವಾಗುತ್ತದೆ. ಮೇಲಾಗಿ ಒಂದೊಂದು ಗುಂಡಿಯೂ ಬಿರುಕಿಗೆ ಬೀಜ.

ಕೀವೇ

35 ವ್ಯಾಸಕ್ಕೆ 10 ಅಗಲ 8 ಎತ್ತರದ ಕೀ, ಶಾಫ್ಟ್‌ನಲ್ಲಿ 5 ಆಳ. 25 ವ್ಯಾಸಕ್ಕೆ 8 ಅಗಲ 7 ಎತ್ತರ, ಶಾಫ್ಟ್‌ನಲ್ಲಿ 4 ಆಳ, ಹಬ್‌ನಲ್ಲಿ 3.3. ಕೂಡಿಸಿ ನೋಡಿ, 7.3. ಕೀ ಎತ್ತರ 7. ಮೇಲೆ 0.3 ಖಾಲಿ ಇರಬೇಕು. ಕೀ ಬಿಗಿಯಾಗಬೇಕಾದ್ದು ಎರಡು ಪಕ್ಕದಲ್ಲಿ. ತಲೆ ತಾಗಿದರೆ ಹಬ್ ಒಂದು ಬದಿಗೆ ಎತ್ತಿ ಹೋಗಿ ಚಕ್ರ ಔಟ್ ಆಗಿ ತಿರುಗುತ್ತದೆ.

ಚಕ್ರದ ಸೀಟ್‌ನಲ್ಲಿ ಕೀವೇ 36 ಮಿಮೀ ಉದ್ದ ಸಾಕು. ಎಂಡ್ ಮಿಲ್‌ನಲ್ಲಿ ಎರಡೂ ಕೊನೆ ಉರುಟಾಗಿ ಮುಚ್ಚಿದ ಕೀವೇ ಮಾಡಿಸಿ. ಸ್ಟೆಪ್‌ನ ರೇಡಿಯಸ್‌ಗಿಂತ 4-5 ಮಿಮೀ ಮೊದಲೇ ಅದು ಮುಗಿಯಬೇಕು. ಕೀವೇಯ ಕೊನೆಯೂ ಮೂಲೆಯೂ ಒಂದೇ ಕಡೆ ಬಂದರೆ ಎರಡು ದುರ್ಬಲ ಜಾಗಗಳನ್ನು ನಾವೇ ಒಟ್ಟಿಗೆ ಸೇರಿಸಿದ ಹಾಗೆ.

ಹಬ್

ಚಕ್ರದ ಹಬ್ 60 ವ್ಯಾಸ, 50 ಉದ್ದ. ಅದಕ್ಕೆ 10 ಮಿಮೀ ಪ್ಲೇಟಿನ ಫ್ಲಾಂಜ್ (ರಿಮ್ ಬೋಲ್ಟ್ ಮಾಡುವ ತಟ್ಟೆ). ಸೀಟ್ 49, ಹಬ್ 50. ಆ 1 ಮಿಮೀ ಜಾಸ್ತಿ ಇರುವುದರಿಂದಲೇ ನಟ್ ಬಿಗಿದಾಗ ವಾಷರ್ ಹಬ್‌ನ ಮೇಲೆ ಕೂರುತ್ತದೆ, ಆಕ್ಸಲ್‌ನ ಸ್ಟೆಪ್ ಮೇಲಲ್ಲ. ರಿಮ್‌ನ ಬೋಲ್ಟ್ ವೃತ್ತ ಅಳೆಯಲು ನಾಲ್ಕು ತೂತಿನ ರಿಮ್ ಆದರೆ ಎದುರುಬದುರಿನ ತೂತುಗಳ ಮಧ್ಯದಿಂದ ಮಧ್ಯಕ್ಕೆ. ಮೂರು ತೂತಿನದಾದರೆ ಅಕ್ಕಪಕ್ಕದ ಎರಡರ ಅಂತರವನ್ನು 1.155ರಿಂದ ಗುಣಿಸಿ. ಚಕ್ರದ ಮಧ್ಯ ಹಬ್‌ನ ಮಧ್ಯಕ್ಕೇ ಬರುವಂತೆ ಫ್ಲಾಂಜ್ ಜಾಗ ನಿರ್ಧರಿಸಿ.

ಕೆಲಸದ ಕ್ರಮ ಇಲ್ಲಿ ಮುಖ್ಯ. ಮೊದಲು ಫ್ಲಾಂಜ್ ವೆಲ್ಡ್ ಮಾಡಿ, ತಣಿಯಲು ಬಿಡಿ, ಆಮೇಲೆ ಲೇತ್‌ಗೆ ಹಾಕಿ ಒಂದೇ ಹಿಡಿತದಲ್ಲಿ 25ರ ಬೋರ್ ಮತ್ತು ಫ್ಲಾಂಜ್ ಮುಖ ಎರಡನ್ನೂ ಫಿನಿಷ್ ಮಾಡಿ. ಬೋರ್ 25.000ರಿಂದ 25.021 ಒಳಗೆ. ಬೋರ್ ಮಾಡಿ ವೆಲ್ಡ್ ಮಾಡಿದರೆ ಬಿಸಿಗೆ ಎಳೆದು ಫ್ಲಾಂಜ್ ವಾರೆಯಾಗುತ್ತದೆ, ಚಕ್ರ ಅಲ್ಲಾಡುತ್ತಾ ಓಡುತ್ತದೆ. ಬೋರ್ ಒಳಗಿನ ಕೀವೇ ಸ್ಲಾಟಿಂಗ್ ಮೆಷಿನ್‌ನಲ್ಲಿ. ಸ್ಪ್ರಾಕೆಟ್, ಡಿಸ್ಕ್ ಹಬ್‌ಗಳೂ ಹೀಗೇ, ಬೋರ್ ಮಾತ್ರ 35. ಬೈಕ್‌ನ 428 ಚೈನ್‌ನ ಹಿಂದಿನ ಸ್ಪ್ರಾಕೆಟ್ ತಂದು ಫ್ಲಾಂಜ್‌ಗೆ ಬೋಲ್ಟ್ ಮಾಡಿದರೆ ಸವೆದಾಗ ಬದಲಿಸುವುದು ಸುಲಭ.

ಹಬ್‌ಗೆ ವೆಲ್ಡ್ ಮಾಡಬಹುದು, ಆಕ್ಸಲ್‌ಗೆ ಯಾವತ್ತೂ ಬೇಡ. ಇಎನ್ 8ರಲ್ಲಿ ಇಂಗಾಲ ಜಾಸ್ತಿ ಇರುವುದರಿಂದ ವೆಲ್ಡ್ ಪಕ್ಕದ ಲೋಹ ಬೇಗ ತಣಿದು ಗಾಜಿನ ಹಾಗೆ ಪೆಡಸಾಗುತ್ತದೆ. ಸ್ಪ್ರಾಕೆಟನ್ನು ನೇರ ಆಕ್ಸಲ್‌ಗೆ ವೆಲ್ಡ್ ಮಾಡಿದ ಗಾಡಿಗಳಲ್ಲಿ ಆಕ್ಸಲ್ ತುಂಡಾಗುವುದು ವೆಲ್ಡ್‌ಗೆ ಅಂಟಿದ ಅಂಚಿನಲ್ಲೇ.

ಫ್ರೇಮ್‌ಗೆ ಕೂರಿಸುವುದು

ಜೋಡಿಸುವ ಕ್ರಮ ನೆನಪಿರಲಿ. ಮೊದಲು ಬಲದಿಂದ ಸ್ಪ್ರಾಕೆಟ್ ಹಬ್, ಎಡದಿಂದ ಡಿಸ್ಕ್ ಹಬ್. ಆಮೇಲೆ ಸ್ಪೇಸರ್, ಆಮೇಲೆ ಬೇರಿಂಗ್. ಕೀ ಮೇಲೆ ಒಂದು, ಅದರಿಂದ 90 ಡಿಗ್ರಿಗೆ ಇನ್ನೊಂದು ಗ್ರಬ್ ಸ್ಕ್ರೂ ಹಬ್‌ಗೆ ಇರಲಿ. ಬೇರಿಂಗ್ ಕೈಯಿಂದ ಒತ್ತಿದರೆ ಎಣ್ಣೆ ಹಚ್ಚಿದ ಸೀಟ್ ಮೇಲೆ ಬಿಗಿಯಾಗಿ ಜಾರಿ ಹೋಗಬೇಕು. ಸುತ್ತಿಗೆ ಬೇಕಾದರೆ ದಪ್ಪ ಉಳಿದಿದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಟಕ್ ಅಂದರೆ ಸಪೂರ ಆಗಿದೆ.

ಫ್ರೇಮ್‌ಗೆ 10 ಮಿಮೀ ಪ್ಲೇಟ್ ವೆಲ್ಡ್ ಮಾಡಿ ಅದರ ಮೇಲೆ ಪಿಲ್ಲೋ ಬ್ಲಾಕ್ ಕೂರಿಸಿ. ಯುಸಿಪಿ 206ಕ್ಕೆ ಎಂ 14 ಬೋಲ್ಟ್ ಹೊಂದುತ್ತದೆ. ಬ್ಲಾಕ್‌ನ ಸ್ವಂತ ತೂತುಗಳು ಉದ್ದವಾಗಿದ್ದು ಹಿಂದೆ-ಮುಂದೆ ಸರಿಸಲು ಆಗುತ್ತದೆ. ಪ್ಲೇಟಿನ ತೂತುಗಳನ್ನು ಆಕ್ಸಲ್ ಉದ್ದದ ದಿಕ್ಕಿಗೆ ಉದ್ದ ಮಾಡಿಟ್ಟರೆ ಎಡ-ಬಲಕ್ಕೂ ಸರಿಸಬಹುದು. ಈ ಬೇರಿಂಗ್‌ನ ಹೊರಮೈ ಗೋಳಾಕಾರ ಇರುವುದರಿಂದ ಸುಮಾರು 2 ಡಿಗ್ರಿ ವಾರೆಯನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ವೆಲ್ಡಿಂಗ್ ಫ್ರೇಮ್‌ಗೆ ಇದು ದೊಡ್ಡ ಅನುಕೂಲ. ಆದರೂ ಪ್ಲೇಟ್ ಏರುತಗ್ಗಿದ್ದರೆ ತೆಳು ತಗಡು ಕೊಟ್ಟು ಸಮ ಮಾಡಿ. ಬೋಲ್ಟ್ ಬಿಗಿದಾಗ ಆಕ್ಸಲ್ ಕೈಯಲ್ಲಿ ತಿರುಗುವುದು ಗಟ್ಟಿಯಾದರೆ ಎಲ್ಲೋ ಎಳೆತ ಇದೆ.

ಚಚ್ಚೌಕ ನೋಡಲು ಮುಂದಿನ ಎರಡು ಚಕ್ರದ ಕಿಂಗ್‌ಪಿನ್‌ಗಳಿಂದ (ಚಕ್ರ ಎಡ-ಬಲಕ್ಕೆ ತಿರುಗುವ ಪಿನ್) ಆಕ್ಸಲ್‌ನ ಎರಡು ತುದಿಗೆ ಕರ್ಣ ಅಳೆಯಿರಿ. ಎರಡೂ 2 ಮಿಮೀ ಒಳಗೆ ಒಂದೇ ಬರಲಿ. ಆಮೇಲೆ ಎರಡು ಸ್ಪ್ರಾಕೆಟ್ ಮುಖಕ್ಕೆ ನೇರ ಪಟ್ಟಿ ಇಟ್ಟು ಚೈನ್ ಲೈನ್ ನೋಡಿ. ಎರಡರಲ್ಲಿ ಒಂದೇ ಸರಿ ಬರುವುದಾದರೆ ಆಕ್ಸಲ್ ಚಚ್ಚೌಕ ಉಳಿಸಿಕೊಂಡು ಎಂಜಿನ್ ಸರಿಸಿ. ಚೈನ್‌ನ ಸಡಿಲ ಸ್ಪ್ರಾಕೆಟ್‌ಗಳ ಅಂತರದ ಶೇಕಡಾ 2ರಿಂದ 4. ಅಂತರ 500 ಆದರೆ ನಡುವೆ 10ರಿಂದ 20 ಮಿಮೀ.

ಕೊನೆಗೆ ಚಕ್ರದ ಹಬ್, ವಾಷರ್, ಕಿರೀಟ ನಟ್. ಸುಮಾರು 100 ನ್ಯೂಟನ್ ಮೀಟರ್ ಬಿಗಿತ ಬೇಕು. ಅರ್ಧ ಮೀಟರ್ ಉದ್ದದ ಸ್ಪ್ಯಾನರ್‌ನ ತುದಿಯಲ್ಲಿ 20 ಕೆಜಿಯ ಭಾರ ಹಾಕಿದಷ್ಟು. ಈ ಬಿಗಿತದಲ್ಲಿ ನಟ್‌ನ ಸೀಳು ಎಲ್ಲಿ ಬರುತ್ತದೆ ನೋಡಿ, ಆಮೇಲೆ 4 ಮಿಮೀ ತೂತು ಹೊಡೆದು ಸ್ಪ್ಲಿಟ್ ಪಿನ್ ಹಾಕಿ. ಮುಂದೆ ಬಿಚ್ಚಿ ಹಾಕುವಾಗ ತೂತು ಕೂಡದಿದ್ದರೆ ನಟ್ ಇನ್ನಷ್ಟು ಬಿಗಿದು ಮುಂದಿನ ಸೀಳಿಗೆ ತನ್ನಿ. ಸಡಿಲಿಸಿ ಕೂಡಿಸಬೇಡಿ. ಪಿನ್ ಪ್ರತಿ ಸಲ ಹೊಸದು.

ಓಡಿಸಿ ನೋಡುವುದು

ಗಾಡಿ ಜಾಕ್ ಮೇಲಿಟ್ಟು ಚಕ್ರ ಕೈಯಲ್ಲಿ ತಿರುಗಿಸಿ. ಹಬ್ ಹತ್ತಿರ ಆಕ್ಸಲ್‌ಗೆ ಓಲಾಟ ಅಳೆಯುವ ಡಯಲ್ ಗೇಜ್ ಹಚ್ಚಿದರೆ ಔಟ್ 0.05 ಮಿಮೀ ಒಳಗೆ ಇರಬೇಕು. ಟೈರಿನಲ್ಲಿ ಒಂದೆರಡು ಮಿಮೀ ಇದ್ದರೆ ಅದು ರಿಮ್‌ದು, ಬಿಡಿ. ಎಂಜಿನ್ ಹಾಕಿ ನಿಧಾನಕ್ಕೆ ಹತ್ತು ನಿಮಿಷ ತಿರುಗಿಸಿ, ಬೇರಿಂಗ್ ಪೀಠ ಮುಟ್ಟಿ ನೋಡಿ. ಬೆಚ್ಚಗೆ ಆದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾದರೆ ನಿಲ್ಲಿಸಿ ಜೋಡಣೆ ಮತ್ತೆ ನೋಡಬೇಕು.

ಮೊದಲ ದಿನ ಖಾಲಿ ಗಾಡಿ, ಆಮೇಲೆ ಅರ್ಧ ಲೋಡ್. ಒಂದು ಗಂಟೆ ಓಡಿದ ಮೇಲೆ ಎಲ್ಲ ಬೋಲ್ಟ್, ಗ್ರಬ್ ಸ್ಕ್ರೂ ಮತ್ತೆ ಬಿಗಿಯಿರಿ. ಹೊಸ ಜೋಡಣೆ ಕೂರುವಾಗ ಸಡಿಲವಾಗುವುದು ಸಹಜ. ಇಳಿಜಾರಿನಲ್ಲಿ ಬ್ರೇಕ್ ಪರೀಕ್ಷೆ ಆಗುವ ತನಕ ಪೂರ್ತಿ ಲೋಡ್ ಹಾಕಬೇಡಿ.

ನಮ್ಮ ಮಳೆಗೆ

ಲೇತ್‌ನಿಂದ ಹೊಳೆಯುತ್ತಾ ಬಂದ ಮೈ ಜೂನ್‌ನ ಗಾಳಿಯಲ್ಲಿ ಒಂದೇ ರಾತ್ರಿಗೆ ಕೆಂಪಾಗುತ್ತದೆ, ಕಡಲ ಬದಿಯಲ್ಲಂತೂ ಇನ್ನೂ ಬೇಗ. ಬೆವರಿದ ಕೈಯ ಬೆರಳಚ್ಚೂ ತುಕ್ಕಾಗಿ ಮೂಡುತ್ತದೆ. ಕೆಲಸ ಮುಗಿದ ತಕ್ಷಣ ಸೀಟ್‌ಗಳಿಗೆ ಗ್ರೀಸ್ ಬಳಿದು, ಎಣ್ಣೆ ಕಾಗದ ಸುತ್ತಿ ಮನೆಗೆ ತನ್ನಿ. ನಡುವಿನ ಕಪ್ಪು ಭಾಗಕ್ಕೆ ರೆಡ್ ಆಕ್ಸೈಡ್, ಮೇಲೆ ಎನಾಮಲ್ ಬಣ್ಣ. ಮೂಲೆಯ ರೇಡಿಯಸ್‌ಗೂ ಸಣ್ಣ ಬ್ರಷ್‌ನಿಂದ ಬಣ್ಣ ಹಚ್ಚಿ. ತುಕ್ಕು ತಿಂದ ಗುಂಡಿ ಅಲ್ಲಿ ಬೀಳಬಾರದು.

ತೋಡಿನ ನೀರಲ್ಲಿ ಬೇರಿಂಗ್ ಮುಳುಗಿದ ದಿನ ಸಂಜೆಯೇ ನಿಪ್ಪಲ್‌ಗೆ ಲಿಥಿಯಂ ಗ್ರೀಸ್ ಹಾಕಿ. ಹಳೆಯ ಗ್ರೀಸ್ ಸೀಲ್ ಅಂಚಿನಲ್ಲಿ ತೆಳ್ಳಗೆ ಹೊರಬಂದರೆ ಸಾಕು. ಗನ್ ಬಲವಾಗಿ ಒತ್ತಿದರೆ ಸೀಲ್ ಹಾರಿ ಹೋಗುತ್ತದೆ. ಹೊರಬಂದದ್ದನ್ನು ಒರೆಸಿಬಿಡಿ, ಮುರಕಲ್ಲಿನ ಕೆಂಪು ಹುಡಿ ಅದಕ್ಕೆ ಅಂಟಿದರೆ ಉಜ್ಜುವ ಪುಡಿಯೇ ಆಗುತ್ತದೆ. ಪ್ರೆಶರ್ ವಾಷರ್ ಬೇರಿಂಗ್ ಕಡೆ ಹಿಡಿಯಬೇಡಿ.

ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಚಕ್ರ ಮತ್ತು ಬೇರಿಂಗ್ ಕಳಚಿ ಮೂಲೆಗಳನ್ನು ಪರೀಕ್ಷೆ ಮಾಡಿ. ಮೊದಲು ಗ್ರೀಸ್, ಬಣ್ಣ ಪೂರ್ತಿ ತೆಗೆದು ಮೈ ಸ್ವಚ್ಛ ಮಾಡಿ. ಸ್ಟೆಪ್‌ಗಳಿಗೆ, ಕೀವೇಯ ಕೊನೆಗೆ, ಥ್ರೆಡ್‌ನ ಬುಡಕ್ಕೆ ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ಬಟ್ಟೆಯಿಂದ ಒಣಗುವ ಹಾಗೆ ಒರೆಸಿ, ಸೀಮೆಸುಣ್ಣದ ಹುಡಿ ತೆಳ್ಳಗೆ ಉಜ್ಜಿ. ಬಿರುಕಿದ್ದರೆ ಒಳಗೆ ಸೇರಿದ್ದ ಎಣ್ಣೆ ಹೊರಗೆ ಬಂದು ಬಿಳಿ ಹುಡಿಯಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ಹಗಲ ಬೆಳಕಲ್ಲಿ ನೋಡಿ, ಆಕ್ಸಲನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸುತ್ತಾ ನೋಡಿ. ಗೆರೆ ಕಂಡರೆ ಆ ಆಕ್ಸಲನ್ನು ವೆಲ್ಡ್ ಮಾಡಿಸಬೇಡಿ, ಗಾಡಿಗೆ ಮತ್ತೆ ಹಾಕಲೂ ಬೇಡಿ. ಹಬ್, ಸ್ಪೇಸರ್, ಬೇರಿಂಗ್ ಎಲ್ಲ ಹಾಗೇ ಉಪಯೋಗಕ್ಕೆ ಬರುತ್ತವೆ. ಅಳತೆಯ ಚೀಟಿ ತೆಗೆದಿಟ್ಟಿದ್ದರೆ 9 ಕೆಜಿ ಉಕ್ಕು ತಂದು ಹೊಸದನ್ನು ತಿರುಗಿಸಿಕೊಳ್ಳಬಹುದು, ಗೆರೆ ಬಿದ್ದ ಮೂಲೆಯ ರೇಡಿಯಸ್ ಈ ಸಲ ಇನ್ನಷ್ಟು ಹೊಳಪಾಗಿರಲಿ.